ಸೌಂಡಿಲ್ಲದ ಕೊಟ್ಟಿಗೆ

ಜುಲೈ 6, ಭಾನುವಾರ

ಹಲೋ. ಹಲೋ ಅಂದ್ರೆ ಆ ಕಡೆಯಿಂದ ಯಾರೂ ಅನ್ನಲ್ಲ, ಆದ್ರೂ ಬಾಯಿಗೆ ಅದೇ ಬರ್ತದೆ. ಫೋನಿನ ರೆಕಾರ್ಡರಲ್ಲಿ ಕೆಂಪು ಗುಂಡಿ ಒತ್ತಿದೀನಿ, ನಂಬರ್ ಓಡ್ತಾ ಐತೆ. ನಮ್ಮ ನವ್ಯಶ್ರೀ ಹೇಳ್ಕೊಟ್ಟಿದ್ದು ಇದು. ಮಗಳು ದೇವನಹಳ್ಳೀಲಿ ಅತ್ತೆ ಮನೇಲಿ ಅವ್ಳೆ, ಅವಳ ಕೆಲಸ ಅವಳಿಗೆ, ನಾನು ಹೊತ್ತುಗೊತ್ತು ನೋಡ್ದೆ ಫೋನ್ ಮಾಡಿ ತಲೆ ತಿಂತಿದ್ದೆ. "ಅಪ್ಪಾ, ಮಾತಾಡ್ಬೇಕು ಅನ್ಸಿದಾಗೆಲ್ಲ ಇದನ್ನ ಒತ್ತಿ ಮಾತಾಡು. ಇದು ಮಧ್ಯ ಬಾಯಿ ಹಾಕಲ್ಲ" ಅಂದ್ಲು. ಒಳ್ಳೇದೇ ಆಯ್ತು.

ನಾನು ಬೈರೇಶ್. ಐವತ್ತು ವರ್ಷ. ಸೂಲಿಬೆಲೆ ಪಕ್ಕದ ಹಳ್ಳಿ, ಆರು ಸೀಮೆ ಹಸು, ಊರ ಡೈರೀಲಿ ಡೈರೆಕ್ಟ್ರು. ಇದೆಲ್ಲ ಫೋನ್‌ಗ್ಯಾಕೆ ಹೇಳ್ತಾ ಇದೀನೋ, ಇರ್ಲಿ, ಗೊತ್ತಿರ್ಲಿ ಅದಕ್ಕೂ.

ಕಾಲು ಮುರ್ಕೊಂಡಿದ್ದು ಹೆಂಗೆ ಅಂದ್ರೆ, ಡೈರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತಿದ್ದೋರಿಗೆ ಫ್ಯಾಟ್ ಯಾಕೆ ಕಮ್ಮಿ ಬರ್ತದೆ ಅಂತ ವಿವರ್ಸ್ತಾ ಇದ್ದೆ. ವಿವರ್ಸ್ತಾ ವಿವರ್ಸ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿದೀನಿ. ಹಿಂದೆ ಚರಂಡಿ. ಬಿದ್ಮೇಲೂ ಮಾತು ನಿಲ್ಲಿಸ್ಲಿಲ್ಲ ಅಂತ ಊರೆಲ್ಲ ಆಡ್ಕೊಂಡು ನಗ್ತಾವ್ರಂತೆ. ನಗ್ಲಿ ಬಿಡಿ. ಆಪರೇಷನ್ ಬೇಡ ಅಂತ ಕಾರ್ ಮಾಡ್ಕೊಂಡು ಆಂಧ್ರಕ್ಕೋಗಿ ಪುತ್ತೂರು ಕಟ್ಟು ಹಾಕ್ಸ್ಕೊಂಡು ಬಂದ್ವಿ. ಸೊಪ್ಪು, ಮೊಟ್ಟೆ, ಬಿದಿರು ದಬ್ಬೆ, ತೊಡೆ ತನಕ ಬಿಗಿದವ್ರೆ. ಕಾಲು ನೆಲಕ್ಕೆ ಊರಂಗಿಲ್ಲ, ಕಟ್ಟು ಬದಲಾಯಿಸೋ ತನಕ ಹಾಸಿಗೆ ಬಿಟ್ಟು ಏಳಂಗಿಲ್ಲ.

ನನ್ನ ಮಲಗ್ಸಿರೋದು ಮುಂದಿನ ರೂಮಲ್ಲಿ. ಕಿಟಕಿಯಿಂದ ಕಾಣೋದು ರೋಡು, ಎದುರು ಮನೆ ಕಾಂಪೌಂಡು, ಅದರ ಮೇಲೊಂದು ಬೆಕ್ಕು. ಕೊಟ್ಟಿಗೆ ಹಿತ್ಲಲ್ಲಿ, ಹುಲ್ಲಿನ ಬಣವೆ ಆಚೆ. ಕೂಗಿದ್ರೂ ಕೇಳಲ್ಲ. ಆರು ಹಸೂನೂ ಈಗ ನನ್ನ ಹೆಂಡ್ತಿ ಜ್ಯೋತಿನೇ ನೋಡ್ಕೋಬೇಕು. ಸಗಣಿ ಎತ್ತಿ, ಮೇವು ಹಾಕಿ, ಹಾಲು ಕರ್ದು, ಡೈರಿಗೆ ಹಾಕಿ ಬಂದು ಬಾಗ್ಲಲ್ಲಿ ನಿಂತ್ಕೊಂಡು, "ಕೆಂಚಿ ಬೂಸ ತಿಂತು, ಹಾಲಿನ ಡಿಗ್ರಿ ಚೆನ್ನಾಗಿ ಬಂತು" ಅಂತಾಳೆ. ಅಷ್ಟೇ. ಆಮೇಲೆ ನಾನು ಶುರು ಮಾಡ್ತೀನಿ. ಅವಳು ಮೊದ್ಲಿಂದ್ಲೂ ಹಂಗೇ, ಮಾತು ಕಮ್ಮಿ. ಇಬ್ರ ಪಾಲೂ ನಂಗೇ ಬಂದೈತೆ ಅಂತ ನಾನು ತಮಾಷೆ ಮಾಡ್ತಿರ್ತೀನಿ.

ಆದ್ರೆ ಆರರಲ್ಲಿ ನಂಗೆ ಹೆಚ್ಚು ಒಗ್ಗಿರೋ ಕೆಂಚಿ ನಾನಿಲ್ದೆ ಹೆಂಗೈತೋ. ತಲೆ ಕೆಟ್ಟೋಗ್ತದೆ ಕಣ್ರೀ. ಅದನ್ನೂ ಕಟ್ಟಾಕವ್ರೆ, ನನ್ನೂ ಕಟ್ಟಾಕವ್ರೆ. ಅದಕ್ಕೇ ಹೊಸಕೋಟೆಯಿಂದ ಕ್ಯಾಮೆರಾ ಹಾಕೋ ಅಮರ್‌ಗೆ ಬರೋಕೆ ಹೇಳಿದೀನಿ.

ಜುಲೈ 9, ಬುಧವಾರ

ಅಮರ್ ಬಂದ. ಒಳ್ಳೆ ಹುಡುಗ, ಮದ್ವೆ ಆಗಿ ಎರಡು ಮಕ್ಳವೆ ಅಂತೆ, ಇವ್ನ ಮಾವ ನಮ್ಮ ಆವತಿ ಕಡೆಯೋರೇ ಅಂತ ವಿಚಾರಿಸಿದ್ಮೇಲೆ ಗೊತ್ತಾಯ್ತು. ಅರ್ಧ ಗಂಟೆ ಕೂರ್ಸಿ ಮಾತಾಡಿದ್ಮೇಲೆ, "ಅಣ್ಣಾ, ಕೆಲಸ ಮಾಡ್ಲಾ" ಅಂದ.

ಕೊಟ್ಟಿಗೇಲಿ ಎರಡು ಕ್ಯಾಮೆರಾ. ಅವೆರಡರ ವೈರೂ ಒಂದು ಕಬ್ಬಿಣದ ಡಬ್ಬಿಗೆ ಹೋಗ್ತದೆ, ಡಿವಿಆರ್ ಅಂತಾರೆ, ಕಂಡಿದ್ದನ್ನೆಲ್ಲ ಅದು ರೆಕಾರ್ಡ್ ಮಾಡ್ಕೊಳ್ಳೋದು. ಅದನ್ನ ಬೂಸದ ರೂಮಲ್ಲಿ ಸ್ಟ್ಯಾಂಡ್ ಹೊಡ್ದು ಇಟ್ಟವ್ನೆ. ಈಗ ಆ ಡಬ್ಬಿಗೂ ನಮ್ಮನೆ ಇಂಟರ್‌ನೆಟ್‌ಗೂ ನೆಂಟಸ್ತನ ಮಾಡಿಸ್ಬೇಕು, ಆಗ ನನ್ನ ಫೋನಲ್ಲಿ ಕಾಣ್ಸೋದು. ಇಂಟರ್‌ನೆಟ್ ಡಬ್ಬಿ ನನ್ನ ರೂಮಲ್ಲೇ ಐತೆ, ಗೋಡೆ ಮೇಲೆ, ಮುತ್ಯಾಲಮ್ಮನ ಫೋಟೋ ಪಕ್ಕ. ಅಲ್ಲಿಂದ ಕಿಟಕಿ ಮೂಲಕ, ಬಣವೆ ಮೇಲಾಸಿ, ಕೊಟ್ಟಿಗೆ ತನಕ ಒಂದು ವೈರ್ ಎಳ್ದ. ಫೋನಲ್ಲಿ ಆ್ಯಪ್ ಹಾಕ್ದ. ಡಬ್ಬಿ ಮೇಲಿನ ಚೌಕದ ಚಿತ್ರ ಫೋಟೋ ಹೊಡ್ದ. ಚಕ್ರ ತಿರುಗ್ತು. ತಿರುಗ್ತು. "ಡಿವೈಸ್ ಆಫ್‌ಲೈನ್" ಅಂತು.

ಸಂಜೆ ಆಗೋಯ್ತು, ನಾಳೆ ಫೋನಲ್ಲೇ ಹೇಳ್ತೀನಿ ಅಂತ ಹೋದ.

ಜುಲೈ 11, ಶುಕ್ರವಾರ

ಎರಡು ದಿನದಿಂದ ಆಫ್‌ಲೈನ್. ಅಮರ್ ಫೋನಲ್ಲಿ, "ಅಣ್ಣಾ, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂತಾನೆ. ಹೇಳೋದು ಸುಲಭ. ಅದು ಗೋಡೆ ಮೇಲೈತೆ, ನಾನು ಮಂಚದ ಮೇಲೆ. ಹಸು ಹೊಡಿಯೋ ಕೋಲು ತರ್ಸ್ಕೊಂಡು, ಮಲಗಿದ ಕಡೆಯಿಂದ್ಲೇ ಸ್ವಿಚ್ಚಿಗೆ ಗುರಿ ಇಟ್ಟೆ. ಮೊದ್ಲು ಮುತ್ಯಾಲಮ್ಮನ ಫೋಟೋ ಓರೆ ಆಯ್ತು. ತಪ್ಪಾಯ್ತು ತಾಯಿ ಅಂದು ಇನ್ನೊಂದ್ಸಲ ಚುಚ್ಚಿದೆ, ಆಫ್ ಆಯ್ತು. ಆನ್ ಮಾಡೋಕೆ ಮಾತ್ರ ಬೆವರು ಕಿತ್ಕೊಂಡ್ಬಿಡ್ತು. ಮತ್ತೆ ಅದೇ ಚಕ್ರ, ಅದೇ ಆಫ್‌ಲೈನ್.

ಸಂಗತಿ ಏನಪ್ಪಾ ಅಂದ್ರೆ, ಸಂಜೆ ಕಿಟಕಿ ಕಡೆ ತಿರುಗಿ ನೋಡ್ತೀನಿ, ಆ ಬಿಳೀ ವೈರು ಮೇಲಕ್ಕೂ ಕೆಳಕ್ಕೂ ಆಡ್ತಾ ಐತೆ. ಗಾಳಿ ಇಲ್ಲ. ಜ್ಯೋತೀನ ಕರ್ದು ಕೇಳ್ದೆ. ವೈರ್ ಮೇಲೆ ಅವಳ ಎರಡು ಸೀರೆ, ನನ್ನ ಪಂಚೆ, ಹಾಲು ಸೋಸೋ ಬಟ್ಟೆ ಎಲ್ಲ ಒಣಗ್ತಾ ಅವೆ. "ಒಳ್ಳೆ ಗಟ್ಟಿ ದಾರ ಕಟ್ಟವ್ನೆ ಅಂತ ಅವತ್ತಿಂದ್ಲೇ ಹಾಕ್ತಾ ಇದೀನಿ" ಅಂದ್ಲು. ಪಂಚೆ ಭಾರಕ್ಕೆ ಆ ಕಡೆ ಪಿನ್ನು ಕಿತ್ಕೊಂಡು ಬಂದೈತೆ. ನಾನು ಇಂಟರ್‌ನೆಟ್ ಅಂದ್ರೆ ಏನು, ಅದು ವೈರಲ್ಲಿ ಹೆಂಗೆ ಬರ್ತದೆ, ಬಟ್ಟೆ ಯಾಕೆ ಹಾಕ್ಬಾರ್ದು ಅಂತ ಬುಡದಿಂದ ಹೇಳ್ದೆ. ಅವಳು ಪಂಚೆ ಮಡಿಸ್ತಾ ಕೇಳಿಸ್ಕೊಂಡ್ಲು. ಮಧ್ಯ, "ರೀ, ಒಂದು ಮಾತು..." ಅಂದ್ಲು. ಇರು, ಇದು ಮುಗೀಲಿ ಅಂದೆ. ಮುಗಿಯೋ ಹೊತ್ಗೆ ಹಾಲು ಕರಿಯೋ ಟೈಮಾಯ್ತು.

ಜುಲೈ 14, ಸೋಮವಾರ

ಬಂತು! ಅಮರ್ ಬಂದು ಹೊಸ ಪಿನ್ ಹಾಕ್ದ, ಬಟ್ಟೆಗೆ ಬೇರೆ ಹಗ್ಗ ಕಟ್ಸ್ದೆ, ಚಕ್ರ ಒಂದು ಸುತ್ತು ತಿರುಗ್ತು, ಕಂಡ್ಳು ನಮ್ಮ ಕೆಂಚಿ. ಹಣೆ ಮೇಲೆ ಬಿಳೀ ಮಚ್ಚೆ, ಎಡಗಡೆ ಕೊಂಬು ಸ್ವಲ್ಪ ವಾಲಿರೋದು, ಎಲ್ಲ ಕಂಡ್ಬಿಡ್ತು. ಕಣ್ಣಲ್ಲಿ ನೀರು ಬಂತು ಅಂದ್ರೆ ಯಾರೂ ನಂಬಲ್ಲ, ಇಲ್ಲಿ ಯಾರೂ ಇಲ್ವಲ್ಲ, ಹೇಳ್ಬಹುದು.

ಈಗ ಪ್ಲಾನ್ ಆರಿಸ್ಬೇಕಂತೆ. ಮೂರವೆ. ಫ್ರೀ ಪ್ಲಾನಲ್ಲಿ ಚಿತ್ರ ಮಾತ್ರ. ಸಿಲ್ವರಲ್ಲಿ ಚಿತ್ರದ ಜೊತೆ ಅಲ್ಲಿನ ಸೌಂಡೂ ಕೇಳ್ತದೆ. ಗೋಲ್ಡಲ್ಲಿ ಅಲ್ಲಿದ್ದು ನಂಗೂ ಕೇಳ್ತದೆ, ನಾನು ಮಾತಾಡಿದ್ದು ಕೊಟ್ಟಿಗೆಗೂ ಕೇಳ್ತದೆ, ಕ್ಯಾಮೆರಾ ಕೆಳಗೆ ಒಂದು ಸ್ಪೀಕರ್ ಹಾಕ್ತಾರೆ. ಇದರಲ್ಲಿ ಯೋಚನೆ ಮಾಡೋದೇನೈತೆ? ಗೋಲ್ಡು. ಮೊದ್ಲು ಟ್ರಯಲ್ ನೋಡಿ ಅಣ್ಣಾ, ಆಮೇಲೆ ದುಡ್ಡು ಕಟ್ಟಿ ಅಂದ ಅಮರ್. ಸ್ಪೀಕರ್ ಇವತ್ತೇ ಹಾಕಿ ಹೋದ, ನಾಳೆ ಬೆಳಗ್ಗೆ ಹಾಲು ಕರಿಯೋ ಹೊತ್ಗೆ ಶುರು.

ಜುಲೈ 15, ಮಂಗಳವಾರ

ಆಗ್ಬಾರ್ದು ಆಗೋಯ್ತು.

ಜ್ಯೋತಿ ಕೆಂಚಿ ಕೆಳಗೆ ಕೂತು ಕೆಚ್ಚಲು ತೊಳೀತಾ ಇದ್ಲು. ನಾನು ಫೋನ್ ಬಾಯಿ ಹತ್ರ ಇಟ್ಕೊಂಡು, "ಏನ್ ಕೆಂಚಮ್ಮ, ಹೆಂಗಿದೀಯ" ಅಂದೆ. ಕೆಂಚಿ ಕಿವಿ ನಿಗುರಿಸ್ಬಿಡ್ತು. ಮೇಲೆ ನೋಡ್ತು, ಹಿಂದೆ ನೋಡ್ತು, ಬಾಗಿಲ ಕಡೆ ನೋಡ್ತು, ನಾನೆಲ್ಲಿ ಅಂತ. ನಂಗೆ ಖುಷಿಯಾಗಿ ಇನ್ನೂ ಮಾತಾಡ್ದೆ. ಅದು ಹಗ್ಗ ಜಗ್ಗಿ ಒಂದು ಸುತ್ತು ಬಂತು. ಬಕೆಟ್ ಉರುಳ್ತು. ಹಾಲು ಬಿಡಲೇ ಇಲ್ಲ. ಜ್ಯೋತಿ ನೀವಿ ನೀವಿ ಸಾಕಾದ್ಲು, ಒಂದು ತೊಟ್ಟು ಬಿಡ್ಲಿಲ್ಲ. ಹಂಗೆ ಅಲ್ಲ ಹಿಂಗೆ ನೀವು, ಬೆಲ್ಲ ಕೊಡು, ಅಂತ ನಾನು ಸ್ಪೀಕರಲ್ಲಿ ಹೇಳ್ತಾನೇ ಇದ್ದೆ. ಅವಳು ಎದ್ಲು, ಕ್ಯಾಮೆರಾ ಹತ್ರ ಬಂದ್ಲು, ಮುಖ ಪೂರ್ತಿ ಸ್ಕ್ರೀನ್ ತುಂಬ್ಕೊಳ್ತು. ಸ್ಪೀಕರ್ ವೈರ್ ಕಿತ್ತಾಕಿದ್ಲು.

ತಿಂಡಿ ತಂದಾಗ, "ನೋಡೋದಾದ್ರೆ ನೋಡಿ. ಮಾತು ಮಾತ್ರ ಬ್ಯಾಡ, ಹಸು ನಿಮ್ಮನ್ನ ಹುಡುಕ್ತದೆ" ಅಂದ್ಲು.

ಅಮರ್ ಫೋನ್ ಮಾಡಿ, ಹಂಗಾದ್ರೆ ಸಿಲ್ವರ್ ತಗೊಳ್ಳಿ ಅಣ್ಣಾ, ಕೇಳಿಸ್ಕೊಬಹುದು ಅಂದ. ಮಾತಾಡೋಕೆ ಆಗದಿದ್ಮೇಲೆ ಬರೀ ಕೇಳಿಸ್ಕೊಂಡು ಏನು ಮಾಡ್ಲಿ ನಾನು? ಫ್ರೀನೇ ಸಾಕು ಅಂದೆ.

ಜುಲೈ 19, ಶನಿವಾರ

ಒಂದು ವಿಚಿತ್ರ ಆಗೈತೆ. ಮೊದ್ಲು ಜ್ಯೋತಿ ಬಾಗ್ಲಲ್ಲಿ ನಿಂತು ಎರಡು ಮಾತಾದ್ರೂ ಹೇಳ್ತಿದ್ಲು. ಈಗ ತಟ್ಟೆ ಇಟ್ಟು ಹೋಗ್ತಾಳೆ. ಕೆಂಚಿ ತಿಂತಾ ಅಂದ್ರೆ, "ನೋಡಿದ್ರಲ್ಲ" ಅಂತಾಳೆ. ನವ್ಯನೂ ಅಷ್ಟೇ, "ಟೀವಿ ಥರ ಐತಲ್ಲಪ್ಪ ನಿಂಗೆ" ಅಂತ ಫೋನ್ ಕಮ್ಮಿ ಮಾಡವ್ಳೆ. ಕ್ಯಾಮೆರಾ ಹಾಕ್ಸಿದ್ದು ಎಲ್ರ ಜೊತೆ ಇರೋಣ ಅಂತ. ಇದ್ದಿದ್ದೂ ಹೋಯ್ತು.

ಬೆಳಗ್ಗೆ ವೆಂಕಟರಾಯಪ್ಪಣ್ಣ ಬಂದಿದ್ದ. ಡೈರಿ ಪ್ರೆಸಿಡೆಂಟು, ನಂಗಿಂತ ಹತ್ತು ವರ್ಷ ದೊಡ್ಡೋನು. ಮುಂದಿನ ಸಲ ನಾನು ನಿಲ್ಲಲ್ಲ, ಕುರ್ಚಿ ನಿಂದೇ ಅಂತ ಮೊದ್ಲೇ ಹೇಳವ್ನೆ. ಅವನು ತಂದಿದ್ದು ಕೆಟ್ಟ ಸುದ್ದಿ. ಹೆಂಗಸ್ರೆಲ್ಲ ಸೇರ್ಕೊಂಡು ಬೇರೆ ಮಹಿಳಾ ಡೈರಿ ಮಾಡ್ತಾವ್ರಂತೆ, ನಮ್ಮೂರ ಮುನಿಲಕ್ಷ್ಮಮ್ಮ ಮನೆಮನೆ ಸುತ್ತುತಾ ಅವ್ಳಂತೆ. ಅರ್ಧ ಊರಿನ ಹಾಲು ಆ ಕಡೆ ಹೋದ್ರೆ ನಮ್ಮ ಡೈರೀಲಿ ಪ್ರೆಸಿಡೆಂಟಾಗಿ ನೊಣ ಹೊಡೀಬೇಕು. "ಲೇ ಬೈರಾ, ಮಂಚ ಹಿಡ್ದಿದೀಯ ಅಂತ ಸುಮ್ನಿದೀನಿ, ನೀನು ಓಡಾಡ್ತಾ ಇದ್ದಿದ್ರೆ ನಿನ್ನ ಬಾಯೊಂದೇ ಇದನ್ನ ಒಂದೇ ದಿನಕ್ಕೆ ನಿಲ್ಲಿಸ್ತಿತ್ತು ಕಣ್ಲಾ" ಅಂದ. ಅದು ನಿಜವೇ.

ಮಧ್ಯಾಹ್ನ ಜ್ಯೋತಿ ಊಟ ತಂದಾಗ ಅವಳಿಗೂ ಹೇಳ್ದೆ. ಡೈರಿ ಕಟ್ಟೋದು ಅಂದ್ರೆ ಹುಡುಗಾಟ ಅಲ್ಲ, ಟೆಸ್ಟಿಂಗ್ ಗೊತ್ತಿರ್ಬೇಕು, ಆಡಿಟ್ ಗೊತ್ತಿರ್ಬೇಕು, ನಾನು ಡೈರಿ ಸೇರ್ದಾಗ ಹೆಂಗಿತ್ತು, ಯಾರ್ಯಾರ ಕಾಲು ಹಿಡ್ದಿದ್ವಿ. ಅವಳು ತಟ್ಟೆ ಕೈಲಿ ಹಿಡ್ಕೊಂಡೇ ನಿಂತಿದ್ಲು. ಮುದ್ದೆ ತಣ್ಣಗಾಗೋಗಿತ್ತು.

ಜುಲೈ 22, ಮಂಗಳವಾರ

ಇವತ್ತು ಒಂದು ನೋಡ್ದೆ.

ಮಧ್ಯಾಹ್ನ ಹಸುಗಳೆಲ್ಲ ಮಲಗಿ ಮೆಲುಕು ಹಾಕ್ತಾ ಇದ್ವು. ಜ್ಯೋತಿ ಕೆಂಚಿ ಮುಂದೆ ಕಲ್ಲಿನ ಮೇಲೆ ಕೂತವ್ಳೆ. ಬಾಯಿ ಆಡ್ತಾ ಐತೆ. ಎಲೆ ಅಡಿಕೆ ಅನ್ಕೊಂಡೆ. ಅಲ್ಲ. ಮಾತಾಡ್ತಾ ಅವ್ಳೆ. ಕೈ ಎತ್ತಿ, ತಲೆ ಆಡ್ಸಿ, ಎದ್ದು ನಿಂತು, ಒಂದ್ಕಡೆಯಿಂದ ಇನ್ನೊಂದ್ಕಡೆ ನಡ್ದು, ಮತ್ತೆ ಕೂತು. ನಾನು ಮೊಬೈಲು ಹತ್ರ ಇಟ್ಕೊಂಡು ನೋಡ್ದೆ, ಅಲ್ಲಿ ಬೇರೆ ಯಾರೂ ಇಲ್ಲ. ಕೆಂಚಿ ಮಾತ್ರ. ಇಷ್ಟು ವರ್ಷಕ್ಕೆ ಅವಳು ನನ್ನ ಹತ್ರ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕಂಡಿಲ್ಲ.

ನಾನೇನು ಅವಳ್ನ ಮಾತಾಡ್ಬೇಡ ಅಂದಿದೀನಾ ಯಾವತ್ತಾದ್ರೂ?

ಸೌಂಡಿಲ್ಲ. ತುಟಿ ಆಡೋದು ನೋಡ್ತಾ ಕೂತೆ. ಒಂದು ಅಕ್ಷರ ಗೊತ್ತಾಗ್ಲಿಲ್ಲ.

ಜುಲೈ 24, ಗುರುವಾರ

ಇವತ್ತು ಭೀಮನ ಅಮಾವಾಸ್ಯೆ. ಗಂಡನ ಪಾದ ಪೂಜೆ. ನಮ್ಮನೇಲಿ ಒಂದು ವರ್ಷಾನೂ ತಪ್ಪಿಲ್ಲ. ಈ ಸಲ ಏನು ಮಾಡ್ತಾಳೋ ಅಂತ ನಂಗೇ ತಮಾಷೆ. ಒಂದು ಪಾದ ಐತೆ, ಇನ್ನೊಂದು ಕಟ್ಟೊಳಗೈತೆ, ಬೆರಳು ಮಾತ್ರ ಇಣುಕ್ತವೆ. ಅವಳು ತಲೆ ಮೇಲೆ ನೀರು ಹಾಕ್ಕೊಂಡು, ಅರಿಶಿಣ ಕುಂಕುಮ ತಂದು, ಒಳ್ಳೇ ಕಾಲು ತೊಳೆದು ಪೂಜೆ ಮಾಡಿದ್ಲು. ಆಮೇಲೆ ಕಟ್ಟಿರೋ ಕಾಲಿನ ಬೆರಳಿಗೂ ಒಂದೊಂದಾಗಿ ಕುಂಕುಮ ಇಟ್ಲು. ನೋವಾಗ್ಬಾರ್ದು ಅಂತ ಉಂಗುರ ಬೆರಳಲ್ಲಿ ಮುಟ್ಟಿದ್ದೋ ಇಲ್ವೋ ಅನ್ನಂಗೆ. ಕೈ ಒರಟಾಗೈತೆ ಅವಳದು, ಮೊದ್ಲು ಇಷ್ಟಿರ್ಲಿಲ್ಲ.

ನಮಸ್ಕಾರ ಮಾಡಿ ಎದ್ದಾಗ ನಾನು, "ಏನು ಬೇಕು ಕೇಳು ಜ್ಯೋತಿ, ಇವತ್ತು ಇಲ್ಲ ಅನ್ನಲ್ಲ" ಅಂದೆ. ಅವಳು ಬಾಗ್ಲು ಹಿಡ್ಕೊಂಡು ನಿಂತ್ಲು. "ರೀ, ಒಂದು ಮಾತು" ಅಂದ್ಲು. ಸೀರೆ ತಾನೇ, ಗೊತ್ತು ಬಿಡು, ಎದ್ದು ಓಡಾಡಂಗಾದ ತಕ್ಷಣ ವಿಜಯಪುರಕ್ಕೆ ಕರ್ಕೊಂಡೋಗಿ ಕೊಡಿಸ್ತೀನಿ, ಅಲ್ಲಿ ನಮ್ಮ ಗುರ್ತಿನೋರು ಒಬ್ರವ್ರೆ ಅಂತ ಅವ್ರ ಕತೆ ಹೇಳ್ದೆ. "ಹೂಂ" ಅಂದ್ಲು.

ಅರ್ಧ ಗಂಟೆ ಆದ್ಮೇಲೆ ಫೋನ್ ನೋಡ್ತೀನಿ, ಪೂಜೆಗೆ ಉಟ್ಟ ಸೀರೆಲೇ ಕೆಂಚಿ ಮುಂದೆ ಕೂತವ್ಳೆ. ಬಾಯಿ ಆಡ್ತಾ ಐತೆ.

ಜುಲೈ 26, ಶನಿವಾರ

ವೆಂಕಟರಾಯಪ್ಪಣ್ಣ ಫೋನ್ ಮಾಡಿದ್ದ. ಮುಂದಿನ ಭಾನುವಾರ ಹೆಂಗಸ್ರ ಮೀಟಿಂಗಂತೆ, ಮುತ್ಯಾಲಮ್ಮನ ಗುಡಿ ಹತ್ರ. ಅವತ್ತೇ ಯಾರು ಪ್ರೆಸಿಡೆಂಟು ಅಂತ ತೀರ್ಮಾನ. "ಪ್ರೆಸಿಡೆಂಟ್ ಆಗೋಳು ನಿಮ್ಮ ಬೀದಿಯೋಳೇ ಅಂತೆ. ನಿನ್ನ ಹೆಂಡ್ತೀನ ಕೇಳಿ ತಿಳ್ಕೊ" ಅಂದ. ಜ್ಯೋತೀನ ಕೇಳ್ದೆ. ಸೆರಗಲ್ಲಿ ಕೈ ಒರೆಸ್ತಾ, "ನಂಗೇನು ಗೊತ್ತು" ಅಂದ್ಲು. ಕಣ್ಣು ಕೊಟ್ಟು ಅನ್ಲಿಲ್ಲ.

ಅಮರ್‌ಗೆ ಫೋನ್ ಹಚ್ಚಿ ಸಿಲ್ವರ್ ಹಾಕು ಅಂದೆ. ವರ್ಷದ್ದು ತಗೊಂಡ್ರೆ ಅಗ್ಗ ಅಣ್ಣಾ, ತಿಂಗಳಿಂದು ದುಬಾರಿ ಅಂದ. ಒಂದು ತಿಂಗಳು ಸಾಕು. ಯಾಕಣ್ಣ, ಸೌಂಡ್ ಬ್ಯಾಡ ಅಂದಿದ್ರಲ್ಲ ಅಂದ. ಹಗ್ಲು ಹೊತ್ತು ಕಳ್ಳರು ಬಂದ್ರೆ ಗೊತ್ತಾಗ್ಲಿ ಅಂತ ಕಣೋ ಅಂದೆ. ಹಾಡು ಹಗ್ಲಲ್ಲಾ ಅಂತ ನಕ್ಕ. ಅವನು ನಕ್ಕಿದ್ದು ಸರಿಯಾಗ್ಲಿಲ್ಲ ನಂಗೆ.

ಗುಂಡಿ ಒತ್ತಿದ್ದು ಮಾತ್ರ ನಾನೇ.

ಜುಲೈ 28, ಸೋಮವಾರ

ಕೇಳ್ದೆ.

ಮೊದ್ಲು ಕೆಂಚಿ ಉಸಿರು, ಫ್ಯಾನ್ ಸದ್ದು, ಎಲ್ಲೋ ಒಂದು ಕಾಗೆ. ಅಷ್ಟಕ್ಕೇ ಎದೆ ತುಂಬಿ ಬಂತು. ಆಮೇಲೆ ಅವಳು ಕಲ್ಲಿನ ಮೇಲೆ ಕೂತು ಗಂಟ್ಲು ಸರಿ ಮಾಡ್ಕೊಂಡ್ಲು. ಕೆಂಚಿ ಮುಖ ನೋಡಿ, "ರೀ" ಅಂದ್ಲು.

ಹಸುಗೆ ರೀ ಅಂತಾವ್ಳಲ್ಲ ಅಂತ ನಂಗೆ ನಗು ಬಂತು.

"ರೀ, ಒಂದು ಮಾತು. ಹೆಂಗಸ್ರ ಡೈರಿ ಮಾಡ್ತಾ ಇದೀವಿ. ನನ್ನ ಪ್ರೆಸಿಡೆಂಟ್ ಆಗು ಅಂತವ್ರೆ ಎಲ್ಲ."

ಅಲ್ಲಿಗೆ ನನ್ನ ನಗು ನಿಂತೋಯ್ತು. ಆದ್ರೆ ಕತೆ ಅದಲ್ಲ, ಆಮೇಲೆ ಏನು ಮಾಡಿದ್ಲು ಅಂದ್ರೆ, ಎದ್ದು ಕೆಂಚಿ ಪಕ್ಕಕ್ಕೆ ಹೋದ್ಲು, ಸೊಂಟದ ಮೇಲೆ ಕೈ ಇಟ್ಕೊಂಡ್ಲು, ಗಂಟ್ಲು ದಪ್ಪ ಮಾಡ್ಕೊಂಡು, "ಲೇ ಜ್ಯೋತಿ! ಡೈರಿ ಅಂದ್ರೆ ಏನಂತ ತಿಳ್ಕೊಂಡಿದೀಯ? ಇರು, ಬುಡದಿಂದ ಹೇಳ್ತೀನಿ" ಅಂದ್ಲು. ಥೇಟ್ ನಾನು. ಕೈ ಆಡ್ಸೋದು, "ಸಂಗತಿ ಏನಪ್ಪಾ ಅಂದ್ರೆ" ಅನ್ನೋದು, ಮಧ್ಯ ಮಧ್ಯ ಕೆಮ್ಮೋದು, ಎಲ್ಲ. ಮತ್ತೆ ಈ ಕಡೆ ಬಂದು ಕಲ್ಲಿನ ಮೇಲೆ ಕೂತು ಅವಳ ಗಂಟ್ಲಲ್ಲಿ, "ಆರು ಹಸು ಕರಿಯೋದು ನಾನು, ಪಾಸ್‌ಬುಕ್ಕಲ್ಲಿರೋದು ನಿಮ್ಮ ಹೆಸ್ರು, ನಂಗೂ..." ಅಂತಾಳೆ. ಮುಗ್ಸಲ್ಲ. ಎದ್ದು ಆ ಕಡೆ ಹೋಗಿ ನಾನಾಗಿ ಅಡ್ಡ ಬಾಯಿ ಹಾಕ್ತಾಳೆ. ಮತ್ತೆ ಈ ಕಡೆ. "ಮೊದ್ಲು ಕೇಳಿ" ಅಂತಾಳೆ. ಆ ಕಡೆ ಹೋಗಿ, "ನಾನು ಡೈರಿ ಸೇರ್ದಾಗ" ಅಂತಾಳೆ. ಹಿಂಗೇ ನಡೀತು, ಕೆಂಚಿ ಮೆಲುಕು ಹಾಕ್ತಾ ಇಬ್ರನ್ನೂ ನೋಡ್ತಾ ಇತ್ತು.

ಕೊನೆಗೆ ನನ್ನ ಗಂಟ್ಲಲ್ಲಿ, "ಆಯ್ತು ಬಿಡು, ಆಮೇಲೆ ನೋಡಾಣ" ಅಂದ್ಲು.

ಅವಳ ಗಂಟ್ಲಲ್ಲಿ, "ಆಯ್ತು ಬಿಡಿ" ಅಂದ್ಲು. ಬಕೆಟ್ ತಗೊಂಡು ಹೊರಟೋದ್ಲು.

ಅವಳೇ ಕಟ್ಟಿದ ನಾಟಕ, ಎರಡು ಪಾತ್ರಾನೂ ಅವಳದೇ, ನೋಡೋರು ಯಾರೂ ಇಲ್ಲ. ಅದರಲ್ಲೂ ಗೆದ್ದಿದ್ದು ನಾನೇ.

ಜುಲೈ 29, ಮಂಗಳವಾರ

ಇವತ್ತೂ ಕೇಳ್ದೆ. ಇವತ್ತೂ ನಾನೇ ಗೆದ್ದೆ.

ಜುಲೈ 31, ಗುರುವಾರ

ವೆಂಕಟರಾಯಪ್ಪಣ್ಣ ಫೋನ್. ಗೊತ್ತಾಯ್ತೇನ್ಲಾ ಯಾರಂತ ಅಂದ. ಇಲ್ಲ ಅಂದೆ. ಆ ಬೀದೀಲಿ ನಿಂಗೆ ಗೊತ್ತಾಗ್ದೆ ಇರೋದು ಏನೈತೆ ಅಂದ. ಕಾಲು ನೋವು, ಆಮೇಲೆ ಮಾಡ್ತೀನಿ ಅಂತ ಇಟ್ಟೆ. ಕಾಲೇನೂ ನೋವಿರ್ಲಿಲ್ಲ.

ಗೊತ್ತಿದ್ದೂ ಹೇಳೋಕಾಗಲ್ಲ. ಅವನಿಗೆ ಹೇಳಿದ್ರೆ ಅವಳ್ದು ಮುಗೀತು. ಅವಳಿಗೆ ಹೇಳಿದ್ರೆ ಕದ್ದು ಕೇಳಿದ್ದು ಗೊತ್ತಾಗ್ತದೆ. ಮಾತು ಬಾಯಲ್ಲಿಟ್ಕೊಂಡು ನುಂಗದೆ ಉಗುಳ್ದೆ ಕೂರೋದು ಅಂದ್ರೆ ಏನಂತ ಈಗ ತಿಳೀತಾ ಐತೆ. ಈ ಕಟ್ಟೇ ವಾಸಿ.

ಆಗಸ್ಟ್ 2, ಶನಿವಾರ

ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದು, ಕ್ಯಾನ್ ಇಟ್ಟು, ಮುಖ ತೊಳ್ಕೊಂಡು ಬಾಗ್ಲಲ್ಲಿ ನಿಂತ್ಲು. ನಾಳೆ ಮೀಟಿಂಗು. ಇವತ್ತು ಬಿಟ್ರೆ ಇನ್ನಿಲ್ಲ. ನಂಗೂ ಗೊತ್ತು, ಅವಳಿಗೂ ಗೊತ್ತು.

"ರೀ, ಒಂದು ಮಾತು."

ನಾನು ಸುಮ್ನಿದ್ದೆ.

"ಹೆಂಗಸ್ರ ಡೈರಿ ಮಾಡ್ತಾ ಇದೀವಿ. ನನ್ನ ಪ್ರೆಸಿಡೆಂಟ್ ಆಗು ಅಂತವ್ರೆ ಎಲ್ಲ."

ಅಕ್ಷರ ಹೆಚ್ಚು ಕಮ್ಮಿ ಇಲ್ಲ, ಕೊಟ್ಟಿಗೇಲಿ ಅಂದಂಗೇ ಅಂದ್ಲು. ಅಂದು ನಿಲ್ಲಿಸಿದ್ಲು. ಇಲ್ಲಿ ನಾನು "ಲೇ ಜ್ಯೋತಿ" ಅನ್ಬೇಕು. ಬಾಯಿ ತುದೀಲೇ ಇತ್ತು, ದೇವರಾಣೆಗೂ. ಡೈರಿ ಬೈಲಾದಿಂದ ಹಿಡ್ದು ಎಲ್ಲ ಸಾಲಾಗಿ ನಿಂತಿದ್ವು ಗಂಟ್ಲಲ್ಲಿ. ಹೊದಿಕೆ ಬಿಗಿಯಾಗಿ ಹಿಡ್ಕೊಂಡೆ. ಅವಳು ಕಾದ್ಲು. ಎದುರು ಮನೇಲಿ ಮಿಕ್ಸಿ ತಿರುಗಿ ನಿಲ್ತು. ಇನ್ನೂ ಕಾದ್ಲು.

"ಯಾಕ್ರೀ, ಏನೂ ಅನ್ನಲ್ವಾ?"

"ಹೇಳು" ಅಂದೆ.

ಪಾಪ, ಅವಳಿಗೆ ಮುಂದಿಂದು ಬರ್ಲಿಲ್ಲ. ನಾನು ಅಡ್ಡ ಬಂದ್ರೆ ಅದಕ್ಕೆ ಉತ್ರ ಇಟ್ಕೊಂಡಿದ್ಲು, ಅಡ್ಡ ಬರದಿದ್ರೆ ಏನಂತ ಇಟ್ಕೊಂಡಿರ್ಲಿಲ್ಲ. ಬಾಗ್ಲು ಚೌಕಟ್ಟಿನ ಬಣ್ಣ ಉಗುರಲ್ಲಿ ಕೆರೀತಾ ನಿಂತ್ಲು. ಆಮೇಲೆ ಒಳಗೆ ಬಂದು, ತಟ್ಟೆ ಇಡೋ ಸ್ಟೂಲ್ ಮೇಲಿದ್ದ ನೀರಿನ ಚೊಂಬು ಕೆಳಗಿಟ್ಟು, ಸ್ಟೂಲ್ ಎಳ್ಕೊಂಡು ಕೂತ್ಲು. ಕಾಲು ಮುರ್ದ ಮೇಲೆ ಅವಳು ಈ ರೂಮಲ್ಲಿ ಕೂತಿದ್ದು ಇದೇ ಮೊದ್ಲು.

"ನಂಗೆ ಭಯ ಆಗ್ತದೆ ಕಣ್ರೀ" ಅಂದ್ಲು. "ಪ್ರೆಸಿಡೆಂಟು ಎಲ್ಲ ಕಡೆ ಸೈನ್ ಹಾಕ್ಬೇಕಂತೆ. ಮದ್ವೆ ಆದ್ಮೇಲೆ ನಾನು ಎಲ್ಲಿ ಸೈನ್ ಹಾಕಿದೀನಿ? ಮೊನ್ನೆ ಬೂಸದ ಚೀಲದ ಮೇಲೆ ಬರ್ದು ನೋಡ್ದೆ. ಕಾಗದದಲ್ಲಿರೋ ನನ್ನ ಪೂರ್ತಿ ಹೆಸ್ರು ಉದ್ದ, ಅರ್ಧಕ್ಕೇ ಕೈ ನಿಂತೋಗ್ತದೆ. ಎಲ್ರ ಮುಂದೆ ಹಂಗಾದ್ರೆ?"

ಈ ಮಾತು ಕೆಂಚಿಗೂ ಹೇಳಿರ್ಲಿಲ್ಲ.

ಸೈನ್ ಬಗ್ಗೆ ನನ್ನ ಹತ್ರ ಮೂರು ಕತೆ ಐತೆ, ಒಂದಕ್ಕಿಂತ ಒಂದು ಚೆನ್ನಾಗಿರೋವು. ಒಂದೂ ಹೇಳ್ಲಿಲ್ಲ. ಅವಳು ಹೇಳ್ತಾ ಹೋದ್ಲು. ಮುನಿಲಕ್ಷ್ಮಮ್ಮ ಏನಂದ್ಲು, ಡೈರಿ ಕ್ಯೂನಲ್ಲಿ ಗಂಡಸ್ರು ಹೆಂಗೆ ನಡ್ಕೊಳ್ತಾರೆ, ಕರಿಯೋ ಕೈಯಿ ರಾತ್ರಿ ಹೊತ್ತು ಹೆಂಗೆ ಜೋಮು ಹಿಡೀತದೆ. ನಿಮ್ಮ ಕುರ್ಚಿಗೆ ಕಲ್ಲು ಹಾಕಿದಂಗಾಗ್ತದೆ, ಅದೂ ಗೊತ್ತು ನಂಗೆ ಅಂದ್ಲು. ಮಧ್ಯ ಒಂದ್ಸಲ ನಿಲ್ಲಿಸಿ, ಹಣೆ ಮುಟ್ಟಿ ನೋಡಿ, "ಹುಷಾರಿಲ್ವಾ ನಿಮಗೆ?" ಅಂದ್ಲು. ಗಂಟ್ಲು ಕಟ್ಟೈತೆ ಅಂತ ಸುಳ್ಳು ಹೇಳ್ದೆ. ಹೋಗಿ ಮೆಣಸಿನ ಕಷಾಯ ಮಾಡ್ಕೊಂಡು ಬಂದ್ಲು. ಕುಡೀಲೇ ಬೇಕಾಯ್ತು. ಖಾರ, ಕಣ್ಣಲ್ಲೆಲ್ಲ ನೀರು.

"ಪೂರ್ತಿ ಹೆಸ್ರು ಬೇಕಾಗಿಲ್ಲ, ಜ್ಯೋತಿ ಅಂತ ಹಾಕಿದ್ರೂ ನಡೀತದೆ" ಅಂದೆ. ಅಷ್ಟೇ ಅಂದಿದ್ದು ನಾನು.

ಆಗಸ್ಟ್ 3, ಭಾನುವಾರ

ಅವಳು ಮೀಟಿಂಗಿಗೆ ಹೋದ್ಲು. ಮನೇಲಿ ಯಾರೂ ಇಲ್ಲ. ಫೋನಲ್ಲಿ ಕೊಟ್ಟಿಗೆ ಹಾಕ್ಕೊಂಡೆ. ಮೆಲುಕು ಹಾಕೋ ಸದ್ದು ಎಷ್ಟು ಚೆನ್ನಾಗಿರ್ತದೆ, ಆರೂ ಬೇರೆ ಬೇರೆ ಥರ. ಗೊತ್ತೇ ಇರ್ಲಿಲ್ಲ.

ವೆಂಕಟರಾಯಪ್ಪಣ್ಣನ ಫೋನ್ ಬಡ್ಕೊಳ್ತು. ಎತ್ತಿದೆ. "ನಿನ್ನ ಹೆಂಡ್ತಿನೇ ಕಣ್ಲಾ!" ಅಂದ. ಆಮೇಲೆ ಅಂದಿದ್ದೆಲ್ಲ ಇಲ್ಲಿ ಹೇಳೋಂಥದ್ದಲ್ಲ. ಗಂಡಸಾಗಿ ಒಂದು ಮಾತು ಹೇಳಿ ನಿಲ್ಲಿಸೋಕಾಗ್ಲಿಲ್ವಾ ಅಂದ. ಅವಳು ಹೇಳ್ತಾ ಇದ್ಲು, ನಾನು ಕೇಳಿಸ್ಕೊಳ್ತಾ ಇದ್ದೆ ಅಂದೆ. ನನ್ನ ಜೊತೆ ಇನ್ನು ಮಾತಾಡ್ಬೇಡ ಅಂದ. ಹಂಗಾದ್ರೆ ಕುರ್ಚಿ ಹೋಯ್ತು. ಹೋಯ್ತಲ್ಲ ಅಂತ ಸಂಜೆ ತನಕ ಹೊಟ್ಟೆ ಉರೀತಾನೇ ಇತ್ತು, ಸುಳ್ಳೇಕೆ.

ಆಗಸ್ಟ್ 12, ಮಂಗಳವಾರ

ಎರಡನೇ ಕಟ್ಟು ಹಾಕವ್ರೆ. ಇನ್ನೂ ಊರಂಗಿಲ್ಲ. ಅದೇ ಕಿಟಕಿ, ಅದೇ ಬೆಕ್ಕು.

ಅಮರ್ ರೋಡಲ್ಲಿ ಸಿಕ್ಕಿ ಜ್ಯೋತಿಗೆ ಹೇಳ್ಬಿಟ್ಟವ್ನೆ, ಅಣ್ಣ ಸೌಂಡ್ ಹಾಕ್ಸ್ಕೊಂಡವ್ರೆ ಅಂತ. ಊಟ ಇಟ್ಟು, ಸ್ಟೂಲ್ ಎಳ್ಕೊಂಡು ಕೂತು, "ಯಾವತ್ತಿಂದ?" ಅಂದ್ಲು. ಮೀಟಿಂಗಿಗೆ ಮುಂಚೆ ಅಂದೆ. ಅವಳ ಮುಖ ಕೆಂಪಾಯ್ತು. ಈ ಸಲ ಕಾದಿದ್ದು ನಾನು.

"ಕದ್ದು ಕೇಳಿದ್ದು ತಪ್ಪು" ಅಂದ್ಲು.

"ಹೂಂ."

"ಎಲ್ಲ ಕೇಳಿಸ್ತಾ? ನಿಮ್ಮ ಥರ ಮಾಡಿದ್ದೂ?"

"ಕೆಮ್ಮೋದು ಸ್ವಲ್ಪ ಜಾಸ್ತಿ ಆಯ್ತು" ಅಂದೆ.

ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ಎದ್ದೋದ್ಲು. ನಕ್ಲೋ ಅತ್ಲೋ ಗೊತ್ತಾಗ್ಲಿಲ್ಲ. ಬೆನ್ನು ಮಾತ್ರ ಅಲ್ಲಾಡ್ತಾ ಇತ್ತು.

ಆಗಸ್ಟ್ 26, ಮಂಗಳವಾರ

ಸಿಲ್ವರ್ ಇವತ್ತಿಗೆ ಮುಗೀತು. ಮುಂದುವರೀಬೇಕಾ ಅಂತ ಫೋನು ಬೆಳಗ್ಗೆಯಿಂದ ಕೇಳ್ತಾ ಐತೆ. ಅಮರ್ ಬೇರೆ, ಆಫರ್ ಐತೆ ಅಣ್ಣಾ, ಗೋಲ್ಡೇ ತಗೊಳ್ಳಿ ಅಂತಾನೆ. ಫ್ರೀ ಒತ್ತಿದೆ. ತಿಂಗ್ಳು ತಿಂಗ್ಳು ಯಾರು ಕಟ್ತಾರೆ.

ಫೋನಲ್ಲಿ ಕೊಟ್ಟಿಗೆ ಐತೆ ಈಗ, ಸೌಂಡಿಲ್ದೆ. ಜ್ಯೋತಿ ಕೆಂಚಿ ಹಣೆ ತುರಿಸ್ತಾ ಏನೋ ಹೇಳ್ತಾ ಅವ್ಳೆ. ಇವತ್ತು ಒಂದೇ ಕಡೆ ನಿಂತೇ ಹೇಳ್ತಾವ್ಳೆ, ಆ ಕಡೆ ಈ ಕಡೆ ಓಡಾಡ್ತಾ ಇಲ್ಲ. ಬಕೆಟ್ ತಗೊಂಡ್ಲು. ಹೊರಡೋಳು ನಿಂತು, ಮೇಲೆ ಕ್ಯಾಮೆರಾ ಕಡೆ ನೋಡಿ ಏನೋ ಅಂದ್ಲು. ಏನಂದ್ಲೋ.

ಹಿತ್ಲು ಬಾಗ್ಲು ಸದ್ದಾಯ್ತು. ಬರ್ತಾ ಅವ್ಳೆ. ಸ್ಟೂಲ್ ಮೇಲೆ ಚೊಂಬೈತೆ, ಕೆಳಗಿಡ್ಬೇಕು. ಆಫ್ ಮಾಡ್ತೀನಿ.